ಹಳೇ ಹೆಂಚಿನ ಮನೆ ರಿಪೇರಿ ಎಲ್ಲಿಂದ ಶುರು ಮಾಡ್ಬೇಕು? ಕಿಚನ್ನಿಂದ ಅಂತೂ ಬೇಡ

ದೊಡ್ಡಬಳ್ಳಾಪುರದ ಹತ್ರ ಹಳ್ಳೀಲಿ ಐವತ್ತು ವರ್ಷದ ಹೆಂಚಿನ ಮನೆ ತಗೊಂಡಿದೀರಿ, ಮಣ್ಣಿನ ಗೋಡೆ, ರೆಡ್ ಆಕ್ಸೈಡ್ ನೆಲ, ಬಚ್ಚಲು ಹಿತ್ತಿಲಲ್ಲಿ. ಬೆಂಗಳೂರಿನ ಇಂಟೀರಿಯರ್‌ನವರು ಮಾಡ್ಯುಲರ್ ಕಿಚನ್ನು, ಎರಡು ಬಾತ್‌ರೂಮು, ಫಾಲ್ಸ್ ಸೀಲಿಂಗು ಅಂತ ಕೊಟೇಶನ್ ಕೊಟ್ಟಿದಾರೆ, ಇದ್ರಲ್ಲಿ ಯಾವ್ದು ಮೊದ್ಲು ಮಾಡ್ಸೋದು ಅಂತ ನಿಮ್ಮ ಪ್ರಶ್ನೆ. ನಾವಿರೋದು ಬೆಂಗಳೂರಿನ ವಿಜಯನಗರದಲ್ಲಿ, ಮಾಗಡಿ ಕಡೆ ಹೆಚ್ಚೂಕಮ್ಮಿ ಇಂಥದ್ದೇ ಮನೆ ತಗೊಂಡು ರಿಪೇರಿ ಮಾಡ್ಸಿದೀವಿ, ಆ ಅನುಭವದಲ್ಲಿ ಹೇಳೋದಾದ್ರೆ ಆ ಮೂರರಲ್ಲಿ ಯಾವ್ದೂ ಮೊದ್ಲು ಬೇಡ, ಫಾಲ್ಸ್ ಸೀಲಿಂಗಂತೂ ಯಾವತ್ತೂ ಬೇಡ. ಮಣ್ಣಿನ ಮನೆ ಹಾಳಾಗೋದು ನೀರಿಂದ. ಮೊದ್ಲು ಮಳೆನೀರು ಎಲ್ಲಿಂದ ಬರುತ್ತೆ, ಎಲ್ಲಿ ನಿಲ್ಲುತ್ತೆ, ಎಲ್ಲಿಗೆ ಹೋಗುತ್ತೆ ಅಂತ ನೋಡಿ, ದುಡ್ಡು ಅದಕ್ಕೆ ಹಾಕಿ, ಉಳಿದ್ರೆ ಕಿಚನ್ನು.

ನಿಮ್ಗೆ ಅರ್ಜೆಂಟ್ ಇಲ್ಲ ಅಂದ್ರೆ ಒಂದು ಮಳೆಗಾಲ ಏನೂ ಮುಟ್ಟದೆ ಬಿಡಿ. ನಮ್ಮ ಕಡೆ ಜೋರು ಮಳೆ ಜೂನ್ ಜುಲೈನಲ್ಲಲ್ಲ, ಸೆಪ್ಟೆಂಬರ್ ಅಕ್ಟೋಬರಲ್ಲಿ, ಹಳ್ಳಿಯವರ ಲೆಕ್ಕದಲ್ಲಿ ಉತ್ತರೆ ಹಸ್ತ ಚಿತ್ತೆ ಮಳೆ. ಆ ಟೈಮಲ್ಲಿ ಶನಿವಾರ ಭಾನುವಾರ ಹೋಗಿ ಅಲ್ಲೇ ಮಲಗಿ, ಎಲ್ಲೆಲ್ಲಿ ಸೋರುತ್ತೆ ಅಲ್ಲೆಲ್ಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೀರಿ, ಹೊರಗೆ ಹೋಗಿ ಯಾವ ಗೋಡೆ ಬುಡದಲ್ಲಿ ನೀರು ನಿಂತಿದೆ ನೋಡಿ. ಬೇಸಿಗೇಲಿ ಬಂದ ಎಂಜಿನಿಯರ್‌ಗೆ ಇದ್ಯಾವ್ದೂ ಕಾಣಲ್ಲ. ಚಾವಣಿ ಬಿಚ್ಚೋ ಕೆಲಸ ಸಂಕ್ರಾಂತಿ ಕಳೆದ್ಮೇಲೆ ಶುರು ಮಾಡಿ ಯುಗಾದಿ ಒಳಗೆ ಮುಗಿಸ್ಬಿಡಿ. ನವೆಂಬರ್ ಡಿಸೆಂಬರಲ್ಲಿ ಊರಿನ ಕೂಲಿಯವರು ರಾಗಿ ಕೊಯ್ಲು ಕಣ ಅಂತ ಹೊರಟ್ರೆ ಯಾರೂ ಸಿಗಲ್ಲ, ಏಪ್ರಿಲ್ ಕೊನೆಗೆ ಭರಣಿ ಮಳೆ ಗಾಳಿ ಸಮೇತ ಬರುತ್ತೆ, ಆವಾಗ ಹೆಂಚು ಬಿಚ್ಚಿಟ್ಟಿದ್ರೆ ಟಾರ್ಪಾಲು ಹಿಡ್ಕೊಂಡು ರಾತ್ರಿಯೆಲ್ಲ ನಿಂತಿರ್ಬೇಕಾಗುತ್ತೆ.

ಈಗ ಚಾವಣಿ. ಹೆಂಚು ಹಳೇದಾಯ್ತು ಅಂತ ಶೀಟ್ ಹಾಕ್ಸೋಕೆ ಎಲ್ರೂ ಹೇಳ್ತಾರೆ, ಕೇಳ್ಬೇಡಿ. ಹೆಂಚು ಅಷ್ಟು ಸುಲಭಕ್ಕೆ ಹಾಳಾಗಲ್ಲ, ಹಾಳಾಗೋದು ಅದರ ಕೆಳಗಿನ ಮರ, ಅಂದ್ರೆ ಹೆಂಚು ಕೂರೋ ರೀಪು ಪಟ್ಟಿ, ಅದನ್ನ ಹೊರೋ ತೊಲೆ. ಒಬ್ಬ ಒಳ್ಳೆ ಬಡಗೀನ ಕರ್ಕೊಂಡು ಹೋಗಿ, ಏಣಿ ಹಾಕ್ಸಿ, ಒಂದು ಸ್ಕ್ರೂಡ್ರೈವರ್ ತಗೊಂಡು ಪ್ರತಿಯೊಂದು ತೊಲೆ ಗೋಡೆ ಒಳಗೆ ಹೋಗೋ ಜಾಗದಲ್ಲಿ ಚುಚ್ಚಿ ನೋಡ್ಸಿ. ತೊಲೆ ನಡುಮಧ್ಯ ಕಬ್ಬಿಣದ ಥರ ಗಟ್ಟಿ ಇರುತ್ತೆ, ಗೋಡೆಯೊಳಗೆ ಹೂತಿರೋ ಆ ಒಂದಡಿ ತುದಿ ಮಾತ್ರ ತೇವ ಕುಡಿದು ಪುಡಿಯಾಗಿರುತ್ತೆ. ನಮ್ಮನೇಲಿ ಬಡಗಿ ಚುಚ್ಚಿದ ಕಡೆ ಸ್ಕ್ರೂಡ್ರೈವರು ಹಿಡಿವರೆಗೂ ಸಲೀಸಾಗಿ ಇಳೀತು, ಎಳೆದ್ರೆ ಜೊತೆಗೆ ಕಂದು ಪುಡಿ ಸುರೀತು, ಆ ತೊಲೆಗೆ ಹೊರಗಿಂದ ನೋಡಿದ್ರೆ ಹೊಸದಾಗಿ ವಾರ್ನಿಶ್ ಹೊಡೆದಿದ್ರು! ಇಡೀ ತೊಲೆ ಬದಲಾಯ್ಸೋದು ಬೇಕಾಗಿರ್ಲಿಲ್ಲ, ಕೊಳೆತ ತುದಿ ಕತ್ತರಿಸಿ ಹೊಸ ಮರ ಜೋಡಿಸಿ ಎರಡೂ ಪಕ್ಕ ಕಬ್ಬಿಣದ ಪಟ್ಟಿ ಬೋಲ್ಟು ಹಾಕಿದ್ರು.

ಗೆದ್ದಲಿಗೂ ಹಿಂಗೇ ಒಂದು ಸುಲಭ ಪರೀಕ್ಷೆ ಇದೆ. ಗೋಡೆ ಮೇಲೆ ಮಣ್ಣಿನ ಗೆರೆ ಕಂಡ್ರೆ ಒಂದು ಗೇಣಷ್ಟು ಕೆರೆದು ಬಿಟ್ಟು ಬನ್ನಿ, ಮುಂದಿನ ವಾರ ಹೋದಾಗ ಮತ್ತೆ ಕಟ್ಟಿದ್ರೆ ಗೂಡು ಜೀವಂತ ಇದೆ ಅಂತ ಅರ್ಥ, ಔಷಧಿಯವರನ್ನ ಕರೀರಿ. ಕಟ್ಟದೇ ಇದ್ರೆ ಖುಷಿಪಟ್ಟು ಸುಮ್ನಿರಬೇಡಿ, ಇನ್ನೂ ನಾಲ್ಕು ಕಡೆ ಕೆರೆದು ನೋಡಿ.

ಹೆಂಚು ಒಂದಷ್ಟು ಒಡೆದಿದ್ರೆ ಅಂಗಡಿಗೆ ಹೋಗೋ ಮುಂಚೆ ಒಂದು ಹೆಂಚು ಇಳಿಸಿ ಬೆನ್ನು ತಿರುಗಿಸಿ ಅದರ ಮೇಲೆ ಒತ್ತಿರೋ ಫ್ಯಾಕ್ಟರಿ ಹೆಸರು ಓದಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ಮೇಲೆ ಅದನ್ನ ನೋಡಿ ಬೇಕಾದಷ್ಟು ಜನ ಮಾಡೋಕೆ ಹಿಡಿದ್ರು, ನೋಡೋಕೆ ಎಲ್ಲಾ ಒಂದೇ, ಆದ್ರೆ ಒಂದರ ಕಚ್ಚು ಇನ್ನೊಂದಕ್ಕೆ ಕೂರಲ್ಲ, ಅರ್ಧ ನೂಲು ಹೆಚ್ಚುಕಮ್ಮಿ ಆದ್ರೂ ಅಲ್ಲೇ ಸೋರುತ್ತೆ. ಹಾಗಾಗಿ ಇರೋ ಒಳ್ಳೆ ಹೆಂಚೆಲ್ಲ ಒಂದು ಕಡೆ ಇಳಿಜಾರಿಗೆ, ಹೊಸದೆಲ್ಲ ಇನ್ನೊಂದು ಕಡೆಗೆ ಹಾಕ್ಸಿ, ಮಿಕ್ಸ್ ಮಾಡ್ಬೇಡಿ. 100 ಚದರಡಿಗೆ ಸುಮಾರು 150 ಹೆಂಚು ಅಂತ ಲೆಕ್ಕ ಹಾಕ್ಕೊಂಡು ಒಂದಿಷ್ಟು ಜಾಸ್ತೀನೇ ತಂದಿಟ್ಕೊಳ್ಳಿ, ಯಾಕಂದ್ರೆ ಕೋತಿಗಳು. ನಡುಮನೆ ಕತ್ತಲೆ ಅಂತ ಬರೆದಿದೀರಲ್ಲ, ಅದಕ್ಕೆ ಗೋಡೆ ಒಡೆದು ದೊಡ್ಡ ಕಿಟಕಿ ಇಡೋದು ಬೇಡ, ಅಲ್ಲಲ್ಲಿ ಮೂರ್ನಾಲ್ಕು ಗಾಜಿನ ಹೆಂಚು ಸಾಕು. ಸೆಖೆ ಆಗುತ್ತೆ ಅನ್ಸಿದ್ರೆ ಫಾಲ್ಸ್ ಸೀಲಿಂಗ್ ಬದಲು ಹೆಂಚಿನ ಕೆಳಗೆ ಸೀಲಿಂಗ್ ಹೆಂಚು ಅಂತ ಚಪ್ಪಟೆದು ಬರುತ್ತೆ, ಅದನ್ನ ಒಂದು ಪದರ ಹಾಕ್ಸಿ. ಜಿಪ್ಸಂ ಬೋರ್ಡು ಹಾಕಿದ್ರೆ ಮೇಲೆ ಇಲಿ ಸಂಸಾರ, ಸೋರಿಕೆ ಎಲ್ಲಿದೆ ಅಂತಾನೂ ಗೊತ್ತಾಗಲ್ಲ.

ಗೋಡೆ ವಿಷ್ಯಕ್ಕೆ ಬರೋಣ, ಜನ ಜಾಸ್ತಿ ಕೆಡಿಸ್ಕೊಳ್ಳೋದು ಇಲ್ಲೇ. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡ್ಸಿ ಮೇಲೆ ಪುಟ್ಟಿ, ಎಮಲ್ಷನ್ ಪೇಂಟು ಹೊಡೆಸಿದ್ರೆ ನೀಟಾಗಿ ಕಾಣುತ್ತೆ ಅಂತ ಎಲ್ಲಾ ಕಾಂಟ್ರಾಕ್ಟರೂ ಹೇಳ್ತಾರೆ. ನೆಲದಿಂದ ಮೇಲೇರೋ ತೇವ ಮಣ್ಣಿನ ಗೋಡೇಲಿ ಯಾವಾಗ್ಲೂ ಸ್ವಲ್ಪ ಇದ್ದೇ ಇರುತ್ತೆ, ಸುಣ್ಣದ ಗಾರೆ ಇದ್ರೆ ಅದು ಹೊರಗೆ ಒಣಗಿ ಹೋಗುತ್ತೆ, ಸಿಮೆಂಟು ಮತ್ತೆ ಪೇಂಟು ಅದನ್ನ ಒಳಗೇ ಕೂಡಿಹಾಕುತ್ತೆ. ಜೊತೆಗೆ ಮಣ್ಣು ತೇವಕ್ಕೆ ಉಬ್ಬುತ್ತೆ ಬಿಸಿಲಿಗೆ ಕುಗ್ಗುತ್ತೆ, ಸಿಮೆಂಟು ಅಲ್ಲಾಡಲ್ಲ, ಎರಡೂ ಬಿಟ್ಕೊಂಡು ಮಧ್ಯೆ ಟೊಳ್ಳಾಗುತ್ತೆ. ನಮ್ಮ ಗಾರೆ ಮೇಸ್ತ್ರಿ, ಎಪ್ಪತ್ತು ದಾಟಿದವರು, ಕರಣೆ ಹಿಡಿಯಿಂದ ಗೋಡೆ ಉದ್ದಕ್ಕೂ ಕುಟ್ಕೊಂಡು ಹೋಗ್ತಿದ್ರು, ಡಬಡಬ ಅಂದ ಕಡೆ ಇದ್ದಿಲಲ್ಲಿ ಒಂದು ಸುತ್ತು ಹಾಕೋರು. ಹಿಂದಿನ ಓನರ್ರು ಮುಂದಿನ ರೂಮಿಗೆ ಸಿಮೆಂಟ್ ಮಾಡ್ಸಿದ್ರು, ಆ ರೂಮಿನ ಗೋಡೆ ತುಂಬ ಸುತ್ತುಗಳೇ. "ಸಿಮೆಂಟು ಚೆಂದಾಗೇ ಕಾಣ್ತದೆ ಸಾರ್, ಮುಂದಿನ್ ಮಳೆಗಾಲದ್ ಗಂಟ" ಅಂದ್ರು.

ಸುಣ್ಣದ ಗಾರೆ ಮಾಡೋರು ಈಗ ಕಮ್ಮಿ, ಹುಡುಕ್ಬೇಕು, ದೇವಸ್ಥಾನದ ಜೀರ್ಣೋದ್ಧಾರ ಮಾಡೋ ಕಡೆ ವಿಚಾರಿಸಿದ್ರೆ ಸಿಗ್ತಾರೆ. ಸುಣ್ಣ ಮೊದ್ಲೇ ನೀರಲ್ಲಿ ಅರಳಿಸಿ ದಿನಗಟ್ಟಲೆ ಇಟ್ಟಿರ್ಬೇಕು, ಬೆಲ್ಲದ ನೀರು ಅಳಲೆಕಾಯಿ ನೀರು ಹಾಕಿ ಕಲೆಸ್ತಾರೆ, ಟೈಮ್ ಹಿಡಿಯುತ್ತೆ, ಖರ್ಚೂ ಸಿಮೆಂಟಿಗಿಂತ ಜಾಸ್ತಿ. ಅಷ್ಟು ಬಜೆಟ್ ಇಲ್ಲ ಅಂದ್ರೆ ಜರಡಿ ಹಿಡಿದ ಮಣ್ಣು, ಮರಳು, ಹುಲ್ಲು ಕಲೆಸಿ ಮಣ್ಣಿನದ್ದೇ ಗಿಲಾವು ಮಾಡ್ಸಿ ಮೇಲೆ ಸುಣ್ಣ ಬಳಿಸಿ, ವರ್ಷಕ್ಕೊಂದ್ಸಲ ಹಬ್ಬಕ್ಕೆ ಬಳೀತಿದ್ರಲ್ಲ ಹಂಗೆ.

ಆದ್ರೆ ಗೋಡೆ ಬುಡ ಸರಿ ಮಾಡದೆ ಯಾವ ಗಾರೆ ಹಾಕಿದ್ರೂ ದಂಡ. ಹಳ್ಳಿಗಳಲ್ಲಿ ಸಿಸಿ ರೋಡು ಹಾಕಿದಾಗೆಲ್ಲ ರೋಡು ಮೇಲೆ ಬರುತ್ತೆ, ಹಳೇ ಮನೆ ಅಲ್ಲೇ ಇರುತ್ತೆ, ಹಿಂಗಾಗಿ ಎಷ್ಟೋ ಮನೆಗಳ ಜಗಲಿ ಈಗ ರೋಡಿನ ಮಟ್ಟಕ್ಕೆ ಬಂದ್ಬಿಟ್ಟಿದೆ. ನಿಮ್ದೂ ಹಂಗಿದ್ಯಾ ಅಂತ ನೋಡಿ. ಸೂರಿಂದ ಬೀಳೋ ನೀರು ಗೋಡೆಗೆ ಸಿಡೀದೇ ಇರೋ ಹಾಗೆ ಸೂರಿನ ಅಂಚಿಗೆ ನೀರು ಹಿಡಿಯೋ ದೋಣಿ ಕಟ್ಸಿ, ಮನೆ ಸುತ್ತ ಹೊರಮುಖ ಇಳಿಜಾರಾಗಿ ಚಪ್ಪಡಿ ಹಾಸಿ ಆಚೆ ಚರಂಡಿ ತೆಗೆಸಿ. ಆ ನೀರನ್ನ ಸುಮ್ನೆ ರೋಡಿಗೆ ಬಿಡ್ಬೇಡಿ. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರು, ಆ ಲೆಕ್ಕದಲ್ಲಿ 1000 ಚದರಡಿ ಚಾವಣಿ ಮೇಲೆ 90 ಸಾವಿರ ಲೀಟರ್ ಬೀಳುತ್ತೆ, ನಿಮ್ಮ ಕಡೆ ಸ್ವಲ್ಪ ಕಮ್ಮಿ ಅಂದ್ಕೊಂಡ್ರೂ, ಪೋಲಾಗೋದನ್ನ ಕಳೆದ್ರೂ, ಒಂದು ಸಂಪು ತುಂಬಿ ಮಿಕ್ಕಿದ್ದು ಇಂಗುಗುಂಡಿಗೆ ಹೋಗುತ್ತೆ. ದೊಡ್ಡಬಳ್ಳಾಪುರದ ಕಡೆ ಅಂತರ್ಜಲದ ಪರಿಸ್ಥಿತಿ ನಿಮ್ಗೆ ಹೊಸದಾಗಿ ಹೇಳ್ಬೇಕಿಲ್ಲ. ಇಂಗುಗುಂಡಿ ಮಾತ್ರ ಗೋಡೆಯಿಂದ ಸಾಕಷ್ಟು ದೂರ ಇರ್ಲಿ.

ಬಾತ್‌ರೂಮು ಬೇಕೇ ಬೇಕು, ಒಪ್ತೀನಿ, ನಮ್ಮನೇಲೂ ಅತ್ತೆ ರಾತ್ರಿ ಹಿತ್ತಿಲಿಗೆ ಹೋಗೋಕೆ ಆಗಲ್ಲ ಅಂದ್ರು. ಆದ್ರೆ ಮಣ್ಣಿನ ಗೋಡೆ ರೂಮಿನೊಳಗೆ ಪೈಪು ಕಮೋಡು ತರ್ಬೇಡಿ, ಒಂದು ಜಾಯಿಂಟ್ ಲೀಕಾದ್ರೂ ಗೋಡೆ ಕರಗುತ್ತೆ. ಹಿಂದುಗಡೆ ಮನೆಗೆ ಅಂಟಿದಂಗೆ, ಆದ್ರೆ ಬೇರೆ ಪಾಯ ಹಾಕಿ, ಎರಡೂ ಬಾತ್‌ರೂಮು ಬೆನ್ನಿಗೆ ಬೆನ್ನು ಕಟ್ಸಿ, ಪೈಪೆಲ್ಲ ಒಂದೇ ಗೋಡೆಗೆ ಬರುತ್ತೆ. ಕಾಂಕ್ರೀಟ್ ಬ್ಲಾಕ್ ಹಳೇ ಮನೆ ಪಕ್ಕ ಚೆನ್ನಾಗಿ ಕಾಣಲ್ಲ ಅಂದ್ರೆ ಸಿಮೆಂಟ್ ಸ್ವಲ್ಪ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ ಸಿಗುತ್ತೆ, ನಮ್ಮ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನೋ ವಿಭಾಗದವರು ಇದರ ಮೇಲೆ ತುಂಬಾ ಕೆಲಸ ಮಾಡಿದಾರೆ, ಬೆಂಗಳೂರು ಸುತ್ತಮುತ್ತ ಇದ್ರಲ್ಲಿ ಕಟ್ಟಿರೋ ಮನೆಗಳು ಬೇಕಾದಷ್ಟಿವೆ. ಟಾಯ್ಲೆಟ್ ಪಿಟ್ಟು ಬೋರ್‌ವೆಲ್‌ನಿಂದ ಕನಿಷ್ಠ 50 ಅಡಿ ದೂರ ಇರ್ಲಿ.

ವೈರಿಂಗ್ ಪೂರ್ತಿ ಹೊಸದು ಮಾಡ್ಸಿ, ಇದ್ರಲ್ಲಿ ಚೌಕಾಸಿ ಬೇಡ. ಹಳೇ ಮರದ ಪಟ್ಟಿ ವೈರಿಂಗಲ್ಲಿ ಅರ್ಥಿಂಗೇ ಇರಲ್ಲ. ಗೋಡೆ ಕೊರೀಬೇಡಿ, ವೈರಿನ ಪೈಪು ಗೋಡೆ ಮೇಲೇ ಬರ್ಲಿ, ಕರೆಂಟ್ ಲೀಕಾದ್ರೆ ತಾನೇ ಆಫ್ ಆಗೋ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ಚು ಒಂದು ಹಾಕ್ಸಿ. ಗೀಸರು ಪಂಪು ಎಲ್ಲ ಸೇರಿಸಿ ಲೋಡ್ ಎಷ್ಟಾಗುತ್ತೆ ಅಂತ ಎಲೆಕ್ಟ್ರಿಷಿಯನ್ ಹತ್ರ ಬರೆಸ್ಕೊಂಡು ಬೆಸ್ಕಾಂಗೆ ಹೆಸರು ಬದಲಾವಣೆ ಜೊತೇಲೇ ಅರ್ಜಿ ಹಾಕಿ. ಪಂಚಾಯ್ತಿಯ ಆಸ್ತಿ ದಾಖಲೆ ಇ-ಸ್ವತ್ತು ನಿಮ್ಮ ಹೆಸರಿಗೆ ಬಂದಿದ್ಯಾ ಅಂತಾನೂ ನೋಡ್ಕೊಳ್ಳಿ.

ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್ ಅಂದವರಿಗೆ ಕಾಫಿ ಕೊಟ್ಟು ಕಳಿಸಿ. ಸಣ್ಣಪುಟ್ಟ ಬಿರುಕು ಇರ್ಲಿ ಬಿಡಿ, ಚೆನ್ನಾಗಿ ತೊಳೆದು ಒಣಗಿಸಿ ಕೊಬ್ಬರಿ ಎಣ್ಣೆ ಹಾಕಿ ಬಟ್ಟೇಲಿ ಉಜ್ಜಿಸಿದ್ರೆ ಬಣ್ಣ ಎದ್ದು ಬರುತ್ತೆ. ಕಿಚನ್ನಿಗೆ ಕಡಪ ಕಲ್ಲಿನ ಕಟ್ಟೆ, ಕೆಳಗೆ ಮರದ ಬಾಗಿಲು, ಅಷ್ಟೇ. ಪ್ಲೈವುಡ್ ಡಬ್ಬಗಳನ್ನ ಮಣ್ಣಿನ ಗೋಡೆಗೆ ಒರಗಿಸಿಟ್ರೆ ಗೆದ್ದಲಿಗೆ ಎಲೆ ಹಾಕಿ ಬಡಿಸಿದಂಗೆ.

ದುಡ್ಡಿನ ವಿಷ್ಯ: ಎಲ್ಲಾ ಸೇರಿಸಿ ಒಬ್ಬನೇ ಕಾಂಟ್ರಾಕ್ಟರ್‌ಗೆ ಚದರಡಿ ರೇಟಲ್ಲಿ ಕೊಡ್ಬೇಡಿ, ಹಳೇ ಮನೆ ಬಿಚ್ಚಿದ್ಮೇಲೇ ಕೆಲಸ ಎಷ್ಟಿದೆ ಅಂತ ಗೊತ್ತಾಗೋದು, ಅವನೂ ಅಂದಾಜಲ್ಲಿ ಜಾಸ್ತಿ ಹಾಕಿರ್ತಾನೆ ಇಲ್ಲಾ ಮಧ್ಯದಲ್ಲಿ ಕೈ ಎತ್ತುತಾನೆ. ಮರದ ಕೆಲಸ, ಗಾರೆ, ಹೊಸ ಬಾತ್‌ರೂಮು ಬೇರೆ ಬೇರೆ ಮಾಡಿ, ಸಾಮಾನು ನೀವೇ ತನ್ನಿ, ಕೂಲಿ ಮಾತ್ರ ಅವರದ್ದು, ಒಟ್ಟು ಬಜೆಟ್ಟಲ್ಲಿ ಕಾಲು ಭಾಗ ಯಾರಿಗೂ ಹೇಳದೆ ಪಕ್ಕಕ್ಕಿಡಿ. ವಾರ ವಾರ ಆದಷ್ಟು ಕೆಲಸ ನೋಡಿ ಬಟವಾಡೆ ಮಾಡಿ. ಊರಬ್ಬದ ಹಿಂದಿನ ದಿನ ಅಡ್ವಾನ್ಸ್ ಕೇಳಿದ್ರೆ ಮರಿ ತರೋಕೆ ಬೇಕಾದಷ್ಟು ಕೊಡಿ, ಪೂರ್ತಿ ಕೊಟ್ರೆ ಮೇಸ್ತ್ರಿ ಮತ್ತೆ ಸಿಗೋದು ಹದಿನೈದು ದಿನ ಬಿಟ್ಟು.