ಕ್ಲೈಂಟ್ ದಿನಕ್ಕೊಂದು ಚೇಂಜ್ ಹೇಳ್ತಾರೆ, ಮನೆಮಂದಿಯೆಲ್ಲ ಒಂದೊಂದು ಹೇಳ್ತಾರೆ, ಯಾರ ಮಾತು ಕೇಳೋದು?

ಸಕಲೇಶಪುರದ ಕಡೆ ಹೋಮ್‌ಸ್ಟೇ ವೆಬ್‌ಸೈಟ್ ಮಾಡ್ತಿದೀನಿ, ಫೀಡ್‌ಬ್ಯಾಕ್ ಮುಗೀತಾನೇ ಇಲ್ಲ ಅಂತ ಬರ್ದಿದೀರಲ್ಲ, ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ. ನಾನು ಮಡಿಕೇರೀಲಿ ಇದೇ ಕೆಲ್ಸ ಮಾಡ್ಕೊಂಡಿರೋನು, ಹೆಚ್ಚಾಗಿ ಹೋಮ್‌ಸ್ಟೇಗಳು, ಮಧ್ಯೆ ಮಧ್ಯೆ ಕಾಫಿಪುಡಿ, ಜೇನು ಮಾರೋರು. ನೀವೀಗ ಹೂತ್ಕೊಂಡಿರೋ ಕೆಸರಲ್ಲಿ ನಾನೂ ಮಂಡಿವರೆಗೆ ಹೂತ್ಕೊಂಡಿದ್ದೆ.

ನನ್ ಕೇಸಲ್ಲಿ ಒಂದು ಹೋಮ್‌ಸ್ಟೇ ಮನೆಯವ್ರ ವಾಟ್ಸಾಪ್ ಗ್ರೂಪಲ್ಲಿ ಒಂಬತ್ತು ಜನ. ಬೆಂಗ್ಳೂರಲ್ಲಿರೋ ಮಗನಿಗೆ ಎಲ್ಲ ಬೆಳ್ಳಗೆ ಖಾಲಿ ಖಾಲಿ ಇರ್ಬೇಕು, ಚಿಕ್ಕಪ್ಪನಿಗೆ ಮೇಲ್ಗಡೆ ವೆಲ್‌ಕಮ್ ಅಂತ ಅಕ್ಷರ ಓಡ್ತಾ ಇರ್ಬೇಕು, ಬುಕಿಂಗ್ ಬಟನ್ ಹಸಿರಿತ್ತು, ಅತ್ತೆ ಹೇಳಿದ್ರು ಅಂತ ಕೆಂಪಾಯ್ತು, ಮಗ ನೋಡಿ ಮತ್ತೆ ಹಸಿರಾಯ್ತು. ಎಲ್ರ ಮಾತೂ ಕೇಳಿ ಮಾಡ್ತಾ ಹೋದೆ, ತಪ್ಪಾಗಿದ್ದು ಅಲ್ಲೇ. ಆಮೇಲೆ ಯಜಮಾನ್ರಿಗೆ ನೇರ ಹೇಳ್ದೆ, ನೀವ್ ನೀವೇ ಏನ್ ಬೇಕಾದ್ರೂ ಜಗಳ ಆಡ್ಕೊಳಿ, ನಂಗೆ ಮಾತ್ರ ಒಬ್ರೇ ಹೇಳ್ಬೇಕು ಅಂತ. ಆ ಒಬ್ರು ಯಾರಾಗ್ಬೇಕು ಅನ್ನೋದ್ರಲ್ಲೇ ಇರೋದು ವಿಷ್ಯ. ದುಡ್ಡು ಕೊಡೋರು ಯಜಮಾನ್ರು, ಕೊನೇ ಒಪ್ಪಿಗೆ ಅವ್ರದ್ದೇ ಸರಿ, ಆದ್ರೆ ಗೆಸ್ಟ್‌ಗಳ ಫೋನ್ ಎತ್ತೋದು ಅವ್ರ ಸೊಸೆ. ಕಾರು ಗೇಟ್ ತನಕ ಬರುತ್ತಾ ಇಲ್ಲ ಜೀಪೇ ಬೇಕಾ, ನೆಟ್‌ವರ್ಕ್ ಸಿಗುತ್ತಾ, ಪಂದಿ ಕರಿ ಮಾಡ್ತೀರಾ, ದಿನಾ ಇವೇ ಪ್ರಶ್ನೆ ಅಂತೆ. ಆ ಸೊಸೆ ಹೇಳೋಕೆ ಬಂದ್ಮೇಲೆ ಬಟನ್ ಬಣ್ಣದ ಮಾತೇ ನಿಂತೋಯ್ತು, ಆ ಪ್ರಶ್ನೆಗಳಿಗೆ ಉತ್ತರ ಫಸ್ಟ್ ಸ್ಕ್ರೀನ್‌ಗೇ ಬಂತು.

ಇನ್ನೊಂದು, ಕ್ಲೈಂಟ್ ಹೇಳಿದ್ದನ್ನ ಹಾಗೇ ಮಾಡ್ಬೇಡಿ, ಯಾಕ್ ಹೇಳ್ತಿದಾರೆ ನೋಡಿ. ಯಜಮಾನ್ರು ಲೋಗೋ ದೊಡ್ಡದು ಮಾಡಿ ಅಂದ್ರು, ಮಾಡ್ದೆ. ಇನ್ನೂ ದೊಡ್ಡದು ಅಂದ್ರು, ಮಾಡ್ದೆ. ಮೂರನೇ ಸಲ ಸಿಟ್ಟು ಬಂದು ಬೈಕ್ ಹತ್ತಿ ಅಲ್ಲಿಗೇ ಹೋದೆ. ಜನವರಿ ಮಧ್ಯಾಹ್ನ, ಕಣದಲ್ಲಿ ಕಾಫಿ ಹರಡಿದ್ರು, ಅವ್ರು ಸುಡೋ ಬಿಸಿಲಲ್ಲಿ ನಿಂತು ಬ್ರೈಟ್‌ನೆಸ್ ಕಮ್ಮಿ ಇರೋ ಹಳೇ ಫೋನಲ್ಲಿ ಕೈ ಅಡ್ಡ ಹಿಡ್ದು ಸೈಟ್ ನೋಡ್ತಿದಾರೆ! ನಾನು ಹಾಕಿದ್ದು ಮಾಂದಲಪಟ್ಟಿ ಬೆಟ್ಟದ ಮಂಜಿನ ಫೋಟೋ, ಅದ್ರ ಮೇಲೆ ಬಿಳೀ ಅಕ್ಷರ. ನನ್ ಲ್ಯಾಪ್‌ಟಾಪಲ್ಲಿ ಏನ್ ಚಂದ, ಅಲ್ಲಿ ಲೋಗೋನೂ ಇಲ್ಲ ಹೆಸರೂ ಇಲ್ಲ, ಬರೀ ಮಂಜು. ಸೈಟ್ ಎಲ್ರಿಗೂ ಓದೋಕಾಗ್ಬೇಕು ಅನ್ನೋ ಆಕ್ಸೆಸಿಬಿಲಿಟಿ ಗೈಡ್‌ಲೈನಲ್ಲಿ ಸಾಮಾನ್ಯ ಸೈಜ್ ಅಕ್ಷರಕ್ಕೆ ಕಾಂಟ್ರಾಸ್ಟ್, ಅಂದ್ರೆ ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ಇರೋ ಬೆಳಕಿನ ವ್ಯತ್ಯಾಸ, ಕನಿಷ್ಠ 4.5:1 ಇರ್ಬೇಕು ಅಂತಿದೆ, ನಂಗೆ ಗೊತ್ತಿತ್ತು, ಚೆಕ್ ಮಾಡಿರ್ಲಿಲ್ಲ ಅಷ್ಟೇ. ಫೋಟೋ ಮೇಲೆ ಕಪ್ಪು ಲೇಯರ್ ಕೊಟ್ಟು ಲೋಗೋ ವಾಪಸ್ ಹಳೇ ಸೈಜಿಗೇ ಇಟ್ಟೆ. ಈಗ ಸರಿಯಾಯ್ತು ನೋಡಿ, ಎಷ್ಟ್ ದೊಡ್ಡದಾಗಿದೆ ಅಂದ್ರು.

ಡಿಸೈನ್ ಮಾಡೋ ಫಿಗ್ಮಾ ಆ್ಯಪಲ್ಲಿ ಕಮೆಂಟ್ ಹಾಕಿ ಅಂತೆಲ್ಲ ನಮ್ ಕಡೆ ಪ್ಲಾಂಟರ್‌ಗಳಿಗೆ ಹೇಳಿ ಉಪ್ಯೋಗ ಇಲ್ಲ, ಲಿಂಕೇ ಓಪನ್ ಮಾಡಲ್ಲ. ನಾನು ಪೇಜ್‌ಗಳನ್ನ ಎ4 ಶೀಟಲ್ಲಿ ಪ್ರಿಂಟ್ ತಗೊಂಡು ಹೋಗಿ ಕೈಗೆ ಪೆನ್ನು ಕೊಡ್ತೀನಿ, ಜಗಲೀಲಿ ಕೂತು ಅರ್ಧ ಗಂಟೇಲಿ ಮುಗ್ಯುತ್ತೆ, ಕಾಫಿನೂ ಸಿಗುತ್ತೆ. ಐದು ನಿಮಿಷದ ವಾಯ್ಸ್ ಮೆಸೇಜ್ ಬಂದ್ರೆ ಕೇಳಿ ನಂಬರ್ ಹಾಕಿ ಟೈಪ್ ಮಾಡಿ ಕಳ್ಸಿ, ಇಷ್ಟೇ ಅಲ್ವಾ ಅಂತ. ಅವ್ರು ಹೂಂ ಅಂದ್ಮೇಲೆ ಕೆಲ್ಸ ಮುಟ್ಟಿ, ಅದಕ್ಕಿಂತ ಮುಂಚೆ ಬೇಡ. ಫೋಟೋ ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳ್ಸೋಕೆ ಹೇಳಿ, ಇಲ್ಲಾಂದ್ರೆ ಕುಗ್ಗಿಹೋಗಿರೋ ಫೋಟೋ ಹಾಕಿ ಮಸುಕಾಗಿದೆ ಅಂತ ನಿಮ್ಗೇ ಬೈತಾರೆ.

ಎರಡು ರೌಂಡ್ ಚೇಂಜ್ ಫ್ರೀ, ಮೂರನೇದಕ್ಕೆ ದುಡ್ಡು ಅಂತ ಅಡ್ವಾನ್ಸ್ ತಗೊಳೋವಾಗ್ಲೇ ಬರ್ದು ಕೊಡಿ. ಚಿಕ್ಕಪ್ಪನ ಓಡೋ ಅಕ್ಷರ ಮೂರನೇ ರೌಂಡಿಗೆ ಬಿತ್ತು, ರೇಟ್ ಹೇಳ್ದೆ, ಯಜಮಾನ್ರೇ ಬೇಡ ಅಂದ್ರು. ಏಳು ದಿನ ಉತ್ತರ ಬರ್ಲಿಲ್ಲ ಅಂದ್ರೆ ಒಪ್ಪಿಗೆ ಅಂತ ತಿಳ್ಕೋತೀವಿ ಅನ್ನೋ ಕಂಡೀಷನ್ ಮಾತ್ರ ಸಣ್ಣ ಊರಲ್ಲಿ ಹಾಕ್ಬೇಡಿ, ಶುಕ್ರವಾರ ಸಂತೇಲಿ ಎದುರಿಗೇ ಸಿಗ್ತಾರೆ. ಅದಕ್ಕಿಂತ ಟೈಮ್ ನೋಡ್ಕೊಳಿ, ಅರೇಬಿಕಾ ಕಾಫಿ ಕುಯ್ಲು ಶುರುವಾದ್ರೆ ರೊಬಸ್ಟಾ ಕಾಫಿದು ಮುಗ್ಯೋ ತನಕ ಯಾರೂ ನಿಮ್ ಡಿಸೈನ್ ಕೂತು ನೋಡಲ್ಲ, ಆಳು ಸಿಗ್ತಿಲ್ಲ ಅನ್ನೋ ತಲೆಬಿಸೀಲಿರ್ತಾರೆ, ಆಮೇಲೆ ಏಪ್ರಿಲಲ್ಲಿ ಫೋನ್ ಮಾಡಿ ಮೇ ರಜಕ್ಕೆ ಗೆಸ್ಟ್ ಬರ್ತಾರೆ ನಾಳೆ ಲೈವ್ ಮಾಡಿ ಅಂತಾರೆ. ನಿಮ್ ಕ್ಲೈಂಟ್‌ಗೂ ತೋಟ ಇದ್ರೆ ಅಕ್ಟೋಬರ್ ಒಳಗೆ ಎರಡನೇ ರೌಂಡ್ ಮುಗ್ಸಿಬಿಡಿ.