ಕುಡಿಯದವರ ಯಕೃತ್ತಿಗೂ ಕೊಬ್ಬು ಸೇರುತ್ತದೆ

‘ನನ್ನ ಯಜಮಾನರು ಹೆಡ್ ಕಾನ್‌ಸ್ಟೆಬಲ್, ವಯಸ್ಸು 42. ತಪಾಸಣೆಯ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಗ್ರೇಡ್ 2 ಎಂದು ಬಂದಿದೆ. ಅವರು ಮದ್ಯ ಮುಟ್ಟಿದವರೇ ಅಲ್ಲ. ಆದರೂ ಬಂಧುಗಳು ಗುಟ್ಟಾಗಿ ಕುಡಿಯುತ್ತಿರಬೇಕು ಎಂದು ಆಡಿಕೊಳ್ಳುತ್ತಿದ್ದಾರೆ. ತುಪ್ಪ ಬಿಡಿಸಿದ್ದೇನೆ. ಲಿವರ್ ಟಾನಿಕ್ ಕೊಡಿಸಲೇ?’
– ಓದುಗರೊಬ್ಬರು, ದಾವಣಗೆರೆ

ಸಹೋದರಿ,

ನಿಮ್ಮ ಪತ್ರದಲ್ಲಿ ಕಾಯಿಲೆಯ ಭಯಕ್ಕಿಂತ ಅಪವಾದದ ನೋವೇ ಹೆಚ್ಚಾಗಿ ಕಂಡಿತು. ಆದ್ದರಿಂದ ಮೊದಲು ಬಂಧುಗಳ ಮಾತಿಗೇ ಬರುತ್ತೇನೆ. ಒಂದು ತೊಟ್ಟು ಮದ್ಯ ಕುಡಿಯದವರಿಗೂ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಇದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜಿನ ಒಡಹುಟ್ಟು. ಹಾಗೆಂದೇ ಕೇಂದ್ರ ಸರ್ಕಾರ 2021ರಲ್ಲಿ ಇದನ್ನು ಮಧುಮೇಹ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಹಾಗಾದರೆ ಕೊಬ್ಬು ಬಂದದ್ದು ಎಲ್ಲಿಂದ? ನಿಮ್ಮ ಮನೆಯ ತುಪ್ಪದ ಗಿಂಡಿಯನ್ನು ನಾನು ಅಷ್ಟಾಗಿ ದೂರುವುದಿಲ್ಲ. ಅವರ ಡ್ಯೂಟಿಯನ್ನು ನೋಡಿ. ಗಣೇಶನ ಮೆರವಣಿಗೆಯ ಬಂದೋಬಸ್ತಿಗೆ ಬೆಳಿಗ್ಗೆಯೇ ನಿಂತವರಿಗೆ ಊಟದ ಪೊಟ್ಟಣ ಕೈಸೇರುವುದು ಇಳಿಹೊತ್ತಿಗೆ. ಅದರಲ್ಲಿರುವುದು ಚಿತ್ರಾನ್ನವೋ ಪಲಾವೋ, ಅಂತೂ ಅನ್ನವೇ. ಹಸಿದು ಕಂಗೆಟ್ಟವರು ಅದನ್ನು ಗಬಗಬನೆ ಉಣ್ಣುತ್ತಾರೆ. ರಾತ್ರಿ ಗಸ್ತಿನಲ್ಲಿ ನಿದ್ದೆ ತಡೆಯಲು ಗಂಟೆಗೊಂದು ಟೀ. ಲೋಟಕ್ಕೆ ಎರಡು ಚಮಚ, ಅಂದರೆ ಸುಮಾರು 8 ಗ್ರಾಂ ಸಕ್ಕರೆ ಎಂದರೂ ಆರು ಟೀಗೆ 48 ಗ್ರಾಂ ಆಯಿತು. ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಖರ್ಚಾಗದೆ ಉಳಿದ ಅನ್ನ, ಸಕ್ಕರೆಗಳನ್ನು ಯಕೃತ್ತು ತಾನೇ ಕೊಬ್ಬಾಗಿಸಿ ಕೂಡಿಟ್ಟುಕೊಳ್ಳುತ್ತದೆ. ಅದರ ಮೇಲೆ ನಿದ್ದೆಗೇಡು. ದೇಹ ಮಲಗಬೇಕಾದ ಹೊತ್ತಿನಲ್ಲಿ ಉಂಡರೆ ಇನ್ಸುಲಿನ್ ಮಾತಿಗೆ ಜೀವಕೋಶಗಳು ಸರಿಯಾಗಿ ಓಗೊಡುವುದಿಲ್ಲ. ಪಾಳಿ ಬದಲಾದಂತೆಲ್ಲ ಈ ಗೊಂದಲ ಮರುಕಳಿಸುತ್ತದೆ.

ಪೊಲೀಸರ ಹೊಟ್ಟೆಯನ್ನು ಆಡಿಕೊಂಡು ನಗುವ ನಮ್ಮ ಅಭ್ಯಾಸ ನನಗೆ ಬೇಸರ ತರಿಸುತ್ತದೆ. ಅದು ಸೋಮಾರಿತನದ ಗುರುತಲ್ಲ, ಹೊತ್ತಿಲ್ಲದ ಹೊತ್ತಿನಲ್ಲಿ ದುಡಿದ ವರ್ಷಗಳ ಗುರುತು. ವಾರದ ರಜೆ ತಪ್ಪದೆ ಸಿಗಬೇಕು, ಬಂದೋಬಸ್ತಿನ ಪೊಟ್ಟಣದಲ್ಲಿ ಮೊಟ್ಟೆ, ಕಾಳಿನ ಪಲ್ಯ ಇರಬೇಕು ಎಂಬುದನ್ನು ಇಲಾಖೆಯವರು ವೈದ್ಯರ ಸಲಹೆಯೆಂದೇ ತೆಗೆದುಕೊಳ್ಳಲಿ.

ಈಗ ಟಾನಿಕ್. ದಯವಿಟ್ಟು ಕೊಡಿಸಬೇಡಿ. ಯಕೃತ್ತಿನ ಕೊಬ್ಬನ್ನು ತೊಳೆದುಹಾಕುವ ಟಾನಿಕ್ ಯಾವುದೂ ಇಲ್ಲ. ಯಾರೋ ಹೇಳಿದ ಕಷಾಯಗಳೂ ಬೇಡ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಸೇವಿಸುತ್ತಿದ್ದ ಕೆಲವರ ಯಕೃತ್ತಿಗೇ ಪೆಟ್ಟು ಬಿದ್ದುದನ್ನು ಮುಂಬೈ ವೈದ್ಯರು ವರದಿ ಮಾಡಿದ್ದರು.

ನಿಜವಾದ ಮದ್ದು ತೂಕ ಇಳಿಸುವುದು. ನಿಮ್ಮವರು 80 ಕೆ.ಜಿ. ಇದ್ದಾರೆಂದುಕೊಳ್ಳಿ. 4 ಕೆ.ಜಿ. ಇಳಿದರೂ ಕೊಬ್ಬು ಕರಗತೊಡಗುತ್ತದೆ. 6ರಿಂದ 8 ಕೆ.ಜಿ. ಇಳಿದರೆ, ಕೊಬ್ಬಿನಿಂದ ಯಕೃತ್ತಿನಲ್ಲಿ ಉರಿಯೂತವಾಗಿದ್ದರೆ ಅದೂ ತಗ್ಗುವ ಸಾಧ್ಯತೆ ಹೆಚ್ಚು. ಅವಸರದ ಉಪವಾಸ ಬೇಡ, ತಿಂಗಳುಗಳು ಹಿಡಿಯಲಿ. ಸೊಂಟದ ಸುತ್ತಳತೆ 90 ಸೆಂ.ಮೀ. ಒಳಗೆ ಬರಲಿ. ರಾತ್ರಿ ಪಾಳಿಗೆ ಹೊರಡುವ ಮುಂಚೆ ಮನೆಯಲ್ಲೇ ಉಣ್ಣಲಿ, ಬುತ್ತಿಗೆ ಹುರಿಗಡಲೆಯನ್ನೋ ಮೊಳಕೆಕಾಳನ್ನೋ ಕಟ್ಟಿಕೊಡಿ. ಟೀಗೆ ಸಕ್ಕರೆ ಬೇಡ.

ಇನ್ನು ಆ ‘ಗ್ರೇಡ್ 2’. ಕೊಬ್ಬು ಎಷ್ಟಿದೆ ಎಂಬುದನ್ನಷ್ಟೇ ಅದು ಅಂದಾಜಿನಲ್ಲಿ ಹೇಳುತ್ತದೆ. ಯಕೃತ್ತು ಗಟ್ಟಿಯಾಗುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಮುಖ್ಯವಾದದ್ದೂ ಅದೇ. ವೈದ್ಯರ ಬಳಿ ‘ಫಿಬ್-4’ ಲೆಕ್ಕ ಹಾಕಿಸಿ. ವಯಸ್ಸು, ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎರಡು ಲಿವರ್ ಕಿಣ್ವಗಳಿದ್ದರೆ ಸಾಕು. ಮಾಮೂಲಿ ರಕ್ತಪರೀಕ್ಷೆಯಲ್ಲೇ ಸಿಗುತ್ತವೆ. ಅಂಕ 1.3ಕ್ಕಿಂತ ಕಡಿಮೆ ಬಂದರೆ ಸದ್ಯ ನಿರಾಳ, ಹೆಚ್ಚಾದರೆ ಯಕೃತ್ತಿನ ಗಡಸುತನ ಅಳೆಯುವ ಫೈಬ್ರೊಸ್ಕ್ಯಾನ್ ಕೇಳಿ. ಜೊತೆಗೆ ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಕೂಡ ನೋಡಿಸಿ, ಏಕೆಂದರೆ ಈ ಕಾಯಿಲೆಯವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹೃದ್ರೋಗ.

ಫಲಿತಾಂಶ ಬಂದ ಮೇಲೆ ಮತ್ತೆ ಬರೆಯಿರಿ. ಈ ಪುಟವನ್ನು ಬಂಧುಗಳ ಮುಂದೆ ಓದಲು ನಿಮಗೆ ಸಂಕೋಚವಾದರೆ, ಮೇಜಿನ ಮೇಲೆ ತೆರೆದಿಡಿ.

– ಸಂಪಾದಕ