ಸೈಟಿನ ಮೋಹ, ಫ್ಲಾಟಿನ ಸಂಕೋಚ

ಬೆಂಗಳೂರಿನ ಪೀಣ್ಯದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

"ನಮಗೆ ಮದುವೆಯಾಗಿ ನಾಲ್ಕು ವರ್ಷ, ಎರಡು ವರ್ಷದ ಮಗಳಿದ್ದಾಳೆ. ಇಬ್ಬರ ಸಂಬಳ ಸೇರಿ ತಿಂಗಳಿಗೆ 85 ಸಾವಿರ ಕೈಗೆ ಬರುತ್ತದೆ, ಬಾಡಿಗೆಗೆ 18 ಸಾವಿರ ಹೋಗುತ್ತದೆ. 16 ಲಕ್ಷ ಕೂಡಿಟ್ಟಿದ್ದೇವೆ. ಕುಣಿಗಲ್ಲಿನ ನಮ್ಮ ಮಾವನವರು ಮೂವತ್ತು ವರ್ಷ ಗಾರೆ ಮೇಸ್ತ್ರಿಯಾಗಿದ್ದವರು. ಮಾಗಡಿ ರಸ್ತೆಯಾಚೆ ಪಂಚಾಯಿತಿ ಖಾತೆಯ 30×40 ಸೈಟು ನೋಡಿದ್ದಾರೆ, 28 ಲಕ್ಷ. ಅಕ್ಷಯ ತೃತೀಯದೊಳಗೆ ಎರಡು ಲಕ್ಷ ಟೋಕನ್ ಕೊಡಬೇಕಂತೆ. ನನ್ನ ಹೆಂಡತಿಗೆ ಹಿಡಿಸಿರುವುದು ದಾಸರಹಳ್ಳಿ ಕಡೆಯ 14 ವರ್ಷ ಹಳೆಯ ಎರಡು ಬೆಡ್‌ರೂಮಿನ ಫ್ಲಾಟು: 950 ಚದರಡಿ, 48 ಲಕ್ಷ. 'ನೆಲವಿಲ್ಲದ ಮನೆಗೆ ಅಷ್ಟು ದುಡ್ಡು ಸುರಿಯುತ್ತೀರಾ' ಎನ್ನುತ್ತಾರೆ ಮಾವ. ಯಾರ ಮಾತು ಕೇಳಲಿ?"

ಹೆಂಡತಿಯ ಮಾತು ಕೇಳಿ. ಉತ್ತರ ಇಷ್ಟೇ. ಆದರೆ ಈ ವಿಷಯ ಬಂದಾಗ ಇಷ್ಟಕ್ಕೇ ನಿಲ್ಲುವ ಅಭ್ಯಾಸ ಈ ಅಂಕಣಕ್ಕಿಲ್ಲ.

ಮಾವನವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕಟ್ಟಡ ವರ್ಷ ಕಳೆದಂತೆ ಸವೆಯುತ್ತದೆ, ನೆಲದ ಬೆಲೆ ಏರುತ್ತದೆ. ಅಂಗಳದಲ್ಲಿ ಮಗು ಆಡುವ ಸುಖವನ್ನು ನಾಲ್ಕನೇ ಮಹಡಿಯ ಬಾಲ್ಕನಿ ಕೊಡಲಾರದು. ಇಷ್ಟು ಒಪ್ಪಿಕೊಂಡು ಅವರ ಪಕ್ಷವನ್ನು ಇಲ್ಲಿಗೆ ಬಿಡೋಣ.

'ಪಂಚಾಯಿತಿ ಖಾತೆ' ಎಂದಿದ್ದೀರಿ, ಯಾವ ನಮೂನೆ ಎಂದು ಬರೆದಿಲ್ಲ. ಪತ್ರದಲ್ಲಿ ನಮಗೆ ಸಿಟ್ಟು ತರಿಸಿದ್ದು ಇದೊಂದೇ. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದ್ದರೆ ಮುಂದಿನ ಮಾತು ಆಡಬಹುದು. 11ಬಿ ಇದ್ದರೆ ಅದು ಅನುಮೋದನೆಯಿಲ್ಲದ ಸ್ವತ್ತು. ಕೈಬರಹದ ಖಾತೆಯಾದರೆ ಎದ್ದು ಬನ್ನಿ. ಬಡಾವಣೆಯ ನಕ್ಷೆ ಮಂಜೂರು ಮಾಡುವುದು ಯೋಜನಾ ಪ್ರಾಧಿಕಾರ. ರಸ್ತೆ ಬದಿಯ 'ಪಂಚಾಯಿತಿ ಅಪ್ರೂವ್ಡ್ ಲೇಔಟ್' ಫಲಕಕ್ಕೆ ಅದರ ಹಿಂದಿನ ತೆಂಗಿನ ಸಸಿಗಿರುವಷ್ಟೂ ಬೆಲೆಯಿಲ್ಲ. ಬೇಸಾಯದ ಜಮೀನನ್ನು ಭೂಪರಿವರ್ತನೆ ಮಾಡಿಸದೆ, ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು ಮಾರಿದ್ದಕ್ಕೆ ಜನ ಇಟ್ಟ ಹೆಸರು ರೆವಿನ್ಯೂ ಸೈಟು.

ಇಂಥ ಸೈಟಿಗೆ ಏನೇನು ಅಂಟಿಕೊಂಡಿರಬಹುದು? ಮೂಲ ಸರ್ವೆ ನಂಬರಿನ ಪಹಣಿ ತೆಗೆಸಿದರೆ ಜಮೀನು ಒಂದು ಕಾಲಕ್ಕೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದೆಂದು ಕಂಡೀತು. ಆಗ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಸರ್ಕಾರದ ಅನುಮತಿಯಿಲ್ಲದ ಮಾರಾಟ ಅಸಿಂಧು. ಎಷ್ಟು ವರ್ಷ ಕಳೆದರೂ ಮೂಲ ಮಂಜೂರಿದಾರರ ಕುಟುಂಬ ಅರ್ಜಿ ಹಾಕಬಹುದೆಂದು 2023ರ ತಿದ್ದುಪಡಿ ಸ್ಪಷ್ಟಮಾಡಿದೆ. ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ ಕೇಳಿ, ಹೆಣ್ಣುಮಕ್ಕಳೆಲ್ಲ ಸಹಿ ಹಾಕಿದ್ದಾರೆಯೇ ಎಂದು ಎಣಿಸಿ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ವ್ಯಾಖ್ಯಾನಿಸಿದ ಮೇಲೆ, ಮದುವೆಯಾಗಿ ಹೋದ ಮಗಳ ಪಾಲನ್ನು ಅಣ್ಣತಮ್ಮಂದಿರು ನುಂಗಿ ಮಾರಿದ ಪತ್ರಗಳು ಒಂದೊಂದಾಗಿ ಕೋರ್ಟು ಹತ್ತುತ್ತಿವೆ. ಕ್ರಯಪತ್ರವಿಲ್ಲದೆ ಬರೀ ಜಿ.ಪಿ.ಎ., ಅಂದರೆ ಅಧಿಕಾರಪತ್ರದ ಮೇಲೆ ಕೈಬದಲಾದ ಸೈಟಾದರೆ, ಅದರಿಂದ ಒಡೆತನ ಬರುವುದಿಲ್ಲವೆಂದು ಅದೇ ಕೋರ್ಟು 2011ರಲ್ಲೇ ಹೇಳಿದೆ. ಇನ್ನು ದಿಶಾಂಕ್ ಆ್ಯಪನ್ನು ಫೋನಿಗೆ ಹಾಕಿಕೊಂಡು ಸೈಟಿನ ನಡುವೆ ನಿಂತು ನೋಡಿ, ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರೆಂದು ತಿಳಿಯುತ್ತದೆ. ಹಳ್ಳ, ಸಾಗುವಳಿಗೆ ಬಾರದ ಖರಾಬು, ಕೆರೆಯಂಗಳವೆಂದು ಬಂದರೆ ದಲ್ಲಾಳಿಗೆ ಕೈಮುಗಿಯಿರಿ. 2016ರ ಆಗಸ್ಟಿನಲ್ಲಿ ಅರೆಕೆರೆಯ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಮೇಲಿವೆಯೆಂದು ಮನೆಗಳನ್ನು ಕೆಡವಿದಾಗ, ಜನ ಖಾತೆ, ತೆರಿಗೆ ರಸೀದಿ ಹಿಡಿದುಕೊಂಡೇ ಜೆಸಿಬಿ ಮುಂದೆ ನಿಂತಿದ್ದರು. ಖಾತೆಯೆಂದರೆ ತೆರಿಗೆ ಯಾರ ಹೆಸರಲ್ಲಿ ವಸೂಲು ಮಾಡಬೇಕೆಂಬ ಲೆಕ್ಕ. ಹಕ್ಕು ಬೇರೆ.

"ಬಿ ಖಾತೆ ಈಗ ಎ ಆಗುತ್ತಂತಲ್ಲ" ಎಂದು ಮಾವನವರು ಕೇಳಿಯಾರು. ಅನುಮೋದನೆಯಿಲ್ಲದ ಸ್ವತ್ತಿನ ಬಿ ಖಾತೆಯನ್ನು ಸಕ್ರಮದ ಎ ಖಾತೆ ಮಾಡುವ ಯೋಜನೆ ಬೆಂಗಳೂರು ನಗರದೊಳಗೆ 2025ರಲ್ಲಿ ಬಂದದ್ದು ನಿಜ. ಪಾಲಿಕೆಗಳ ಗಡಿಯಾಚೆಯ ಪಂಚಾಯಿತಿ ಸೈಟಿಗೆ ಅದು ತಾಗದು. ತಾಗಿದರೂ ಖಾತೆಯ ಅಕ್ಷರ ಬದಲಾದೀತೇ ಹೊರತು, ಸಹಿ ಹಾಕದ ತಂಗಿ ಹಾಕಿದಂತಾಗುವುದಿಲ್ಲ. ನಿಯಮ ಮೀರಿದ್ದನ್ನು ದಂಡ ಕಟ್ಟಿಸಿಕೊಂಡು ಸರಿಮಾಡಿಕೊಡುವ ಅಕ್ರಮ-ಸಕ್ರಮ ಯೋಜನೆಯನ್ನು ನಂಬಿ ಕಾದವರ ಕಥೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಬಂದು ನಿಂತಿತು.

ಅಗ್ಗವೆಂಬ ಮಾತನ್ನೂ ಲೆಕ್ಕ ಹಾಕಿ ನೋಡೋಣ. ಸೈಟು 28 ಲಕ್ಷ. 900 ಚದರಡಿ ಮನೆಗೆ ಚದರಡಿಗೆ 2,200 ಎಂದೇ ಹಿಡಿದರೂ 19.8 ಲಕ್ಷ. ಬೋರ್‌ವೆಲ್, ಸಂಪು, ಕಾಂಪೌಂಡು, ವಿದ್ಯುತ್ ಸಂಪರ್ಕಕ್ಕೆ ನಾಲ್ಕು ಲಕ್ಷ. ಕಟ್ಟುವ ವರ್ಷವೆಲ್ಲ ಬಾಡಿಗೆ ನಿಲ್ಲುವುದಿಲ್ಲ, ಅದು ಎರಡು ಲಕ್ಷಕ್ಕೂ ಮೇಲೆ. ನೋಂದಣಿ ಖರ್ಚು ಬಿಟ್ಟೇ 54 ಲಕ್ಷವಾಯಿತು. 11ಬಿ ಸ್ವತ್ತೆಂದರೆ ದೊಡ್ಡ ಬ್ಯಾಂಕುಗಳು ಮುಖ ತಿರುಗಿಸುತ್ತವೆ, ಸಾಲ ಕೊಡುವ ಫೈನಾನ್ಸಿನವರು ಹೆಚ್ಚು ಬಡ್ಡಿ ಕೇಳುತ್ತಾರೆ. ಒ.ಸಿ., ಅಂದರೆ ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಿಸಬಹುದು ಎಂದು ಕೊಡುವ ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿತು. ಮರುವರ್ಷ ರಾಜ್ಯದಲ್ಲಿ ಎಷ್ಟೋ ಹೊಸ ಮನೆಗಳು ತಾತ್ಕಾಲಿಕ ಸಂಪರ್ಕದಲ್ಲೇ ದೀಪ ಹಚ್ಚಿದವು. ಸಣ್ಣ ನಿವೇಶನಗಳಿಗೆ ಸರ್ಕಾರ ಆಮೇಲೆ ರಿಯಾಯಿತಿ ತಂದಿತು, ಸರಿ. ರಿಯಾಯಿತಿಯ ಮೇಲೆ ತಳಪಾಯ ಹಾಕಬೇಡಿ.

ಈಗ ನಿಮ್ಮ ಮನೆಯವರು ಮೆಚ್ಚಿದ ಫ್ಲಾಟಿಗೆ ಬರೋಣ. ಅದನ್ನೂ ಕಣ್ಣುಮುಚ್ಚಿ ಕೊಳ್ಳಿ ಎನ್ನುವುದಿಲ್ಲ. ಒ.ಸಿ. ಇಲ್ಲದಿದ್ದರೆ ಈ ಅಂಕಣದಲ್ಲಿ ಫ್ಲಾಟಿನ ಪರ ಬರೆದದ್ದನ್ನೆಲ್ಲ ಹೊಡೆದುಹಾಕಿ. ಇದ್ದರೆ, ಒ.ಸಿ. ಜೊತೆ ಮಂಜೂರಾದ ನಕ್ಷೆಯನ್ನೂ ತರಿಸಿಕೊಂಡು ಕಟ್ಟಡದೆದುರು ನಿಂತು ಮಹಡಿ ಎಣಿಸಿ. ನಕ್ಷೆಯಲ್ಲಿ ಮೂರು, ನೆಲದ ಮೇಲೆ ನಾಲ್ಕು ಇರುವುದು ಬೆಂಗಳೂರಿನಲ್ಲಿ ತೀರ ಸಾಮಾನ್ಯ. ಆ ಹೆಚ್ಚುವರಿ ಮಹಡಿಯ ಫ್ಲಾಟುಗಳೇ ಮೊದಲು ಮಾರಾಟಕ್ಕೆ ಬರುತ್ತವೆ, ಐದಾರು ಲಕ್ಷ ಕಡಿಮೆಗೂ ಸಿಗುತ್ತವೆ.

ಇ.ಸಿ., ಅಂದರೆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ, 30 ವರ್ಷದ್ದು ಬೇಕು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ವ್ಯವಹಾರವಿದ್ದರೆ ನಮೂನೆ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ 16ರಲ್ಲಿ. ಖಾಲಿ ಬಂತೆಂದು ಹಿಗ್ಗಬೇಡಿ. ನೋಂದಣಿಯಾಗದ ಕರಾರು, ಕೋರ್ಟಿನಲ್ಲಿರುವ ದಾವೆ, ಉಯಿಲು ಯಾವುದೂ ಇ.ಸಿ.ಯಲ್ಲಿ ಕಾಣುವುದಿಲ್ಲ. ಮಾರುವವರ ಹೆಸರನ್ನು ಇ-ಕೋರ್ಟ್ಸ್ ತಾಣದಲ್ಲೂ, ಸ್ವತ್ತನ್ನು ಅಡಮಾನಗಳ ದಾಖಲೆಯಿಡುವ ಸೆರ್ಸಾಯ್‌ನಲ್ಲೂ ಹುಡುಕಿ. ಮಾರುವವರ ಸಾಲ ಬಾಕಿಯಿದ್ದರೆ ನಿಮ್ಮ ಬ್ಯಾಂಕು ಅವರ ಬ್ಯಾಂಕಿಗೇ ನೇರ ಹಣ ಕಟ್ಟುವಂತೆ ಕರಾರಿನಲ್ಲಿ ಬರೆಸಿ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

'ನೆಲವಿಲ್ಲದ ಮನೆ' ಎಂಬ ಮಾತಿಗೆ ಉತ್ತರ ಕ್ರಯಪತ್ರದ ಷೆಡ್ಯೂಲಿನಲ್ಲೇ ಇರುತ್ತದೆ. ಅವಿಭಜಿತ ನೆಲದ ಪಾಲು ಎಷ್ಟು ಚದರಡಿ ಎಂದು ನೋಡಿ. ನಾಲ್ಕು ಮಹಡಿಯ ಹಳೆಯ ಕಟ್ಟಡವಾದರೆ 950 ಚದರಡಿ ಫ್ಲಾಟಿಗೆ 400 ಚದರಡಿ ಆಸುಪಾಸು ಬಂದರೆ ನ್ಯಾಯ. 200 ಎಂದಿದ್ದರೆ ಬೆಲೆ ಇಳಿಸಿ, ಇಲ್ಲವೇ ಬಿಡಿ. ಮನೆಯೊಳಗೆ ಟೇಪು ಹಿಡಿದು ಅಳೆಯಿರಿ: 950 ಎಂದದ್ದು ಗೋಡೆ, ಮೆಟ್ಟಿಲು, ಓಣಿಯ ಪಾಲೆಲ್ಲ ಸೇರಿದ ಸೂಪರ್ ಬಿಲ್ಟಪ್, ಕಾಲಿಡುವ ಜಾಗ 700 ಸಿಕ್ಕೀತು.

ಆಮೇಲೆ ಕಟ್ಟಡದ ಮೈ. ಹಳೆಯ ಫ್ಲಾಟಿನ ದೊಡ್ಡ ಲಾಭವೇ ಇದು: ರೋಗವಿದ್ದರೆ 14 ವರ್ಷದಲ್ಲಿ ಹೊರಗೆ ಕಂಡಿರುತ್ತದೆ. ಹೊಸದಾಗಿ ಬಣ್ಣ ಹೊಡೆದಿದ್ದರೆ ಅನುಮಾನಿಸಿ, ಒಂದು ಜೋರು ಮಳೆ ಬಂದ ಮರುದಿನ ಮತ್ತೆ ಹೋಗಿ. ನಿಮ್ಮ ಬಚ್ಚಲಿನ ಸ್ಥಿತಿ ನಿಮ್ಮ ಮನೆಯಲ್ಲಿ ತಿಳಿಯುವುದಿಲ್ಲ. ಕೆಳಗಿನ ಮನೆಯವರನ್ನು ಕೇಳಿಕೊಂಡು ಅವರ ಬಚ್ಚಲಿನ ಮಾಳಿಗೆ ನೋಡಿ. ಅಲ್ಲಿ ಉಪ್ಪಿನಂಥ ಬಿಳುಪು ಕಟ್ಟಿದ್ದರೆ ನಿಮ್ಮ ನೆಲದಡಿ ನೀರು ಇಳಿಯುತ್ತಿದೆ. ಟೈಲ್ಸ್ ಕಿತ್ತು, ತುಂಬಿದ ಜಲ್ಲಿ ತೆಗೆದು, ವಾಟರ್‌ಪ್ರೂಫಿಂಗ್ ಮಾಡಿಸುವ ಖರ್ಚು ನಿಮ್ಮ ತಲೆಗೇ. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹಬ್ಬಿದ ಕೂದಲೆಳೆ ಬಿರುಕಿಗೆ ಹೆದರಬೇಡಿ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಹತ್ತು ರೂಪಾಯಿ ನಾಣ್ಯದ ಅಂಚು ಹೋಗುವಷ್ಟು ಬಾಯ್ಬಿಟ್ಟ ಬಿರುಕಾದರೆ, ಪಿಲ್ಲರು-ಬೀಮು ಕೂಡುವಲ್ಲಿ ಒಡೆದಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರಿಗೆ ಶುಲ್ಕ ಕೊಟ್ಟು ತೋರಿಸದೆ ಮುಂದುವರಿಯಬೇಡಿ.

ಕೆಳಗಿನ ಪಾರ್ಕಿಂಗಿಗೆ ಟಾರ್ಚು ತೆಗೆದುಕೊಂಡು ಹೋಗಿ. ಮೋಲ್ಡಿನ, ಅಂದರೆ ಕಾಂಕ್ರೀಟ್ ಮಾಳಿಗೆಯ, ಅಡಿಯಲ್ಲಿ ಕಂಬಿಯ ಗುಂಟ ಕಂದು ಗೆರೆ ಮೂಡಿದ್ದರೆ ಒಳಗೆ ತುಕ್ಕು ಶುರುವಾಗಿದೆ. ಪಿಲ್ಲರಿನ ಕಂಬಿಗೆ 40 ಮಿಲಿಮೀಟರ್, ಮೋಲ್ಡಿನ ಕಂಬಿಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಬೇಕು. ಕಂಬಿ ಕಟ್ಟುವಾಗ ಅದರ ಕೆಳಗೆ ಬಿಲ್ಲೆ ಇಡದೆ ಕಾಂಕ್ರೀಟು ಸುರಿದಲ್ಲಿ ಕಂಬಿ ಹಲಗೆಗೇ ಒರಗುತ್ತದೆ, ಹೊದಿಕೆ ಉಳಿಯುವುದಿಲ್ಲ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ಸಿಡಿಸುತ್ತದೆ. ಅದಕ್ಕೆ ಮೇಲಿಂದ ಸಿಮೆಂಟು ಮೆತ್ತಿದ ಗುರುತಿದ್ದರೆ ಅದು ಚಿಕಿತ್ಸೆಯಲ್ಲ, ಮುಚ್ಚುಮರೆ.

ಮಗಳ ದೃಷ್ಟಿಯಿಂದ ಇನ್ನೆರಡು. ಬಾಲ್ಕನಿಯ ಕಂಬಿಗಳು ಅಡ್ಡಡ್ಡ ಇದ್ದರೆ ಮಕ್ಕಳಿಗೆ ಅದು ಏಣಿ, ಉದ್ದುದ್ದ ಮಾಡಿಸಿ. ವಿದ್ಯುತ್ ಹಂಚಿಕೆ ಪೆಟ್ಟಿಗೆಯಲ್ಲಿ ವಿದ್ಯುತ್ ಸೋರಿದರೆ ಕೂಡಲೇ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ಚು ಇದೆಯೇ, ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆಯೇ ನೋಡಿ.

ನೀರಿನ ವಿಚಾರದಲ್ಲಿ ಮಾರುವವರ ಬಾಯಿಮಾತು ಬೇಡ. ಸಂಘದವರ ಬಳಿ ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ಲು ಕೇಳಿ. 2024ರ ಬೇಸಿಗೆಯ ಬಿಲ್ಲು ಸಿಕ್ಕರಂತೂ ಆ ಕಟ್ಟಡದ ಜಾತಕವೇ ಸಿಕ್ಕಂತೆ.

ಹಣದ ಮಾತು. 48 ಲಕ್ಷಕ್ಕೆ ಮುದ್ರಾಂಕ ಶುಲ್ಕ ಶೇ 5, ಸೆಸ್ಸು-ಸರ್‌ಚಾರ್ಜು ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಒಟ್ಟು 3,64,800 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ 48 ಲಕ್ಷಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ. ಈ ಮೊತ್ತಕ್ಕೆ ಬ್ಯಾಂಕು ಸಾಲ ಕೊಡದು. ನಿಮ್ಮ ಮಟ್ಟದ ಸಾಲಕ್ಕೆ ಮನೆ ಬೆಲೆಯ ಶೇ 80 ಮಿತಿ, ಅಂದರೆ 38.4 ಲಕ್ಷ. ಉಳಿದ 9.6 ಲಕ್ಷವೂ ಸೇರಿ ಕೈಯಿಂದ 13.25 ಲಕ್ಷ ಹೋಯಿತು. ವಕೀಲರು, ಬ್ಯಾಂಕಿನ ಶುಲ್ಕ, ಖಾತೆ ಬದಲಾವಣೆಗೆ ಮುಕ್ಕಾಲು ಲಕ್ಷ. ಮಿಕ್ಕುವ ಎರಡು ಲಕ್ಷವನ್ನು ಮಾಡ್ಯುಲರ್ ಅಡುಗೆಮನೆಗೆ ಹಾಕಬೇಡಿ, ಅದು ಆರು ತಿಂಗಳ ಕಂತು. ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ತಿಂಗಳ ಕಂತು ಸುಮಾರು 33,300, ನಿರ್ವಹಣೆ ಚದರಡಿಗೆ 4 ರೂಪಾಯಿಯಂತೆ 3,800. ಹತ್ತಿರ ಹತ್ತಿರ 37 ಸಾವಿರ, ನಿಮ್ಮ ಸಂಬಳಕ್ಕೆ ಬಿಗಿ. ಬಾಡಿಗೆ ಕಳೆದು ಉಳಿಯುವ 19 ಸಾವಿರವನ್ನು ಮೂರು ತಿಂಗಳು ಬೇರೆ ಖಾತೆಗೆ ಹಾಕಿ ಬದುಕಿ ನೋಡಿ, ಆಮೇಲೆ ಸಹಿ ಹಾಕಿ. ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟಿದರೆ ಸಾಲ ಮೂರೂವರೆ ವರ್ಷ ಮೊದಲೇ ಮುಗಿಯುತ್ತದೆ. ಬದಲಾಗುವ ಬಡ್ಡಿದರದ ಮನೆಸಾಲಕ್ಕೆ ಅವಧಿಪೂರ್ವ ದಂಡವಿಲ್ಲ.

ಸರ್ಕಾರದ ನೆರವು? ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಸುತ್ತಿನ ಬಡ್ಡಿ ಸಹಾಯಧನ ವರ್ಷಕ್ಕೆ 9 ಲಕ್ಷ ವರಮಾನದೊಳಗಿನವರಿಗೆ, 35 ಲಕ್ಷದೊಳಗಿನ ಮನೆಗೆ. ನಿಮ್ಮದು 10.2 ಲಕ್ಷ. ಮಗು ಹುಟ್ಟಿದ ಮೇಲೂ ಇಬ್ಬರೂ ಕೆಲಸಕ್ಕೆ ಹೋದದ್ದೇ ತಪ್ಪಾಯಿತು. ಜಿಎಸ್‌ಟಿಯಲ್ಲಿ 'ಕೈಗೆಟಕುವ ಮನೆ'ಗೆ 45 ಲಕ್ಷದ ಗೆರೆ ಎಳೆದದ್ದು 2019ರಲ್ಲಿ. ಅಲ್ಲಿಂದೀಚೆಗೆ ಸಿಮೆಂಟು, ಕಂಬಿ, ಕೂಲಿ ಎಲ್ಲವೂ ಏರಿದವು, ಗೆರೆ ಅಲ್ಲೇ ಕೂತಿದೆ. ಬಿ.ಡಿ.ಎ. ಕಣಿಮಿಣಿಕೆ, ಕೊಮ್ಮಘಟ್ಟದಲ್ಲಿ ಕಟ್ಟಿದ ಫ್ಲಾಟುಗಳು ವರ್ಷಗಟ್ಟಲೆ ಕೊಳ್ಳುವವರಿಲ್ಲದೆ ನಿಂತವು. ಹಕ್ಕಿನ ಗೊಂದಲವಿಲ್ಲದ ಆ ಮನೆಗಳಿಗೆ ಬಸ್ಸು, ನೀರು ಮೊದಲೇ ಒದಗಿಸಿದ್ದರೆ ನಿಮ್ಮಂಥವರು ಮಾಗಡಿ ರಸ್ತೆಯಾಚೆ ಯಾಕೆ ಅಲೆಯುತ್ತಿದ್ದರು? ಇನ್ನೊಂದು ಸಂಕಟ ನೋಂದಣಿಯದು. 1908ರ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ದಾಖಲಿಸುವುದು ಪತ್ರವನ್ನು, ಮಾರುವವನಿಗೆ ಹಕ್ಕಿದೆಯೇ ಎಂಬುದನ್ನಲ್ಲ. ನೂರು ವರ್ಷ ದಾಟಿದರೂ ಅದೇ ಪಾಡು. ರೆವಿನ್ಯೂ ಸೈಟಿಗೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಂಡದ್ದು ಸರ್ಕಾರ, ಕಂದಾಯ ಕಟ್ಟಿಸಿಕೊಂಡದ್ದು ಪಂಚಾಯಿತಿ, ವಿದ್ಯುತ್ ಠೇವಣಿ ತೆಗೆದುಕೊಂಡದ್ದು ಕಂಪನಿ. ಕೊನೆಗೆ 'ಅನಧಿಕೃತ' ಎಂಬ ಪಟ್ಟಿ ಮಾತ್ರ ಕೊಂಡವನ ಬಾಗಿಲಿಗೆ.

ಟೋಕನ್ ವಿಚಾರ ಮರೆಯುವ ಹಾಗಿಲ್ಲ. ಹೊಸ ಯೋಜನೆಗಳಲ್ಲಾದರೆ ನೋಂದಾಯಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದೆಂದು ಬಿಲ್ಡರುಗಳನ್ನು ನಿಯಂತ್ರಿಸುವ ರೇರಾ ಕಾಯ್ದೆ ತಡೆಯುತ್ತದೆ. ಬಿಡಿ ಸೈಟಿಗೆ, ಹಳೆಯ ಫ್ಲಾಟಿಗೆ ಅಂಥ ಕಾವಲಿಲ್ಲ. ಒ.ಸಿ., ನಕ್ಷೆ, ಇ.ಸಿ. ವಕೀಲರ ಕೈಸೇರುವ ತನಕ ಎರಡು ಕಡೆಗೂ ಒಂದು ರೂಪಾಯಿ ಕೊಡಬೇಡಿ. ಆಮೇಲೆ ಕೊಡುವುದಾದರೂ ಚೆಕ್ಕಿನಲ್ಲಿ, 'ಹಕ್ಕು ಸರಿಯಿಲ್ಲವೆಂದು ವಕೀಲರು ಹೇಳಿದರೆ, ಬ್ಯಾಂಕು ಸಾಲ ನಿರಾಕರಿಸಿದರೆ ಪೂರ್ತಿ ಹಿಂದಿರುಗಿಸತಕ್ಕದ್ದು' ಎಂಬ ಸಾಲಿನೊಂದಿಗೆ.

ಮುಂದಿನ ಸಲ ಫ್ಲಾಟು ನೋಡಲು ಹೋಗುವಾಗ ಕುಣಿಗಲ್ಲಿಂದ ಮಾವನವರನ್ನೂ ಕರೆಸಿಕೊಳ್ಳಿ. ಗಿಲಾವನ್ನು ಬೆರಳ ಗೆಣ್ಣಿನಿಂದ ತಟ್ಟಿ ಎಲ್ಲಿ ಟೊಳ್ಳಿದೆಯೆಂದು ಹೇಳಬಲ್ಲ ಕಿವಿ ಅವರದು. ಟಾರ್ಚು ಅವರ ಕೈಗೇ ಕೊಡಿ.